ಅಮ್ಮನ ಮುಂದಿನ ಪುಸ್ತಕ

ಕಳೆದ ಕಾರ್ತೀಕದಲ್ಲಿ ಅಮ್ಮನ ಎಡಗಣ್ಣಿನ ಪೊರೆ ತೆಗೆಸಿದೆವು. ಡಾಕ್ಟರು ಓದಬಹುದು ಅಂತ ಹೇಳಿದ ದಿನವೇ ಸಂಜೆ ಜಗಲಿ ಮೇಲೆ ಕೂತು ಅವಳು ಕೇಳಿದ್ದು ಒಂದೇ ಮಾತು: "ಈಗ ಯಾವ್ದು ಕೊಡ್ತೀಯಪ್ಪ?"

ಪುಸ್ತಕದ ವಿಚಾರ. ಅಮ್ಮನಿಗೆ ಎಪ್ಪತ್ತೊಂಬತ್ತು. ಆ ಕಾಲದ ಎಲ್.ಎಸ್. ಪಾಸು ಮಾಡಿದವಳು. ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು. ತ್ರಿವೇಣಿ, ಅನಕೃ, ಕಾರಂತ ಎಲ್ಲ ಮುಗಿದವರು. ಭೈರಪ್ಪನವರ 'ಗೃಹಭಂಗ'ವನ್ನು ನಾಲ್ಕು ಸಲ ಓದಿದ್ದಾಳೆ. ಅದು ನಮ್ಮ ತಿಪಟೂರು, ಚನ್ನರಾಯಪಟ್ಟಣದ ಸೀಮೆಯ ಮಾತು, ನಮ್ಮ ಸೀಮೆಯ ಕಷ್ಟ. ನಂಜಮ್ಮನನ್ನು ಅವಳು ಕಾದಂಬರಿಯ ಪಾತ್ರ ಅಂತ ಒಪ್ಪುವುದೇ ಇಲ್ಲ, ದೂರದ ಸಂಬಂಧಿಕಳ ಹಾಗೆ ಮಾತಾಡುತ್ತಾಳೆ. ಆಮೇಲೆ ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರಾದ ಮೇಲೆ ಒಂದೊಂದಾಗಿ ಯುರೋಪಿನ ಕಾದಂಬರಿಗಳ ಕನ್ನಡ ಅನುವಾದ ತಂದುಕೊಟ್ಟೆ. ಅವನ್ನೂ ಅವಳು ಬಿಡಲಿಲ್ಲ.

"ಯಾವ್ದು ಬೇಕು ನೀನೇ ಹೇಳು" ಅಂದೆ.

"ನಂಗೇನು ಗೊತ್ತು, ಏನೇನಿದೆ ಅಂತ? ದಿನಕ್ಕೆ ಹದಿನೈದು ಪುಟ ಓದ್ತೀನಿ. ಕಣ್ಣು ಎಷ್ಟು ದಿನ ಇರುತ್ತೋ. ಇನ್ನೊಂದು ಹತ್ತು ಪುಸ್ತಕ ಓದಿದ್ರೆ ಹೆಚ್ಚು. ಅದಕ್ಕೇ ಕೇಳ್ತಿರೋದು, ನೋಡಿ ಕೊಡು."

ಹತ್ತು ಪುಸ್ತಕ. ನಾನು ರಾತ್ರಿ ಕೂತು ಪಟ್ಟಿ ಮಾಡಿದೆ. ಓದಲೇಬೇಕಾದ ಶ್ರೇಷ್ಠ ಕಾದಂಬರಿಗಳು ಅಂತ ಎಲ್ಲ ಕಡೆ ಸಿಗುತ್ತವಲ್ಲ, ಅಂಥದ್ದೇ ಪಟ್ಟಿ: 'ಡಾನ್ ಕಿಹೋಟೆ', 'ಮದಾಂ ಬೊವರಿ', 'ಮಿಡ್ಲ್‌ಮಾರ್ಚ್', 'ಲೆ ಮಿಸರಾಬ್ಲ್', 'ಕಾರಮಜೋವ್ ಸೋದರರು'. ಬರೆದು ಮುಗಿಸಿದ ಮೇಲೆ ನೋಡಿದರೆ ಅದು ನನ್ನ ಪಟ್ಟಿ, ಅಮ್ಮನದಲ್ಲ. ನನ್ನದೂ ಅಲ್ಲ ಅನ್ನಿ, ಯಾರೋ ಇಂಗ್ಲಿಷಿನವರು ಮಾಡಿದ್ದನ್ನು ನಾನು ಇಳಿಸಿಕೊಂಡಿದ್ದೆ. ಇತಿಹಾಸದ ಮೇಷ್ಟ್ರಿಗೆ ಬೇರೆ ರೋಗ ಇರುತ್ತದೆ. ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಪ್ರಶ್ನೆಗೆ ಹಿಂದೆ ಯಾರು ಯಾರು ಉತ್ತರ ಕೊಟ್ಟಿದ್ದರು ಅಂತ ಹುಡುಕುತ್ತಾ ಹೋಗುವುದು. ಕನ್ನಡ ಒಂದೇ ಬಲ್ಲ ಓದುಗರಿಗೆ ಯುರೋಪಿನ ಯಾವ ಪುಸ್ತಕ ಮೊದಲು, ಯಾವುದು ಆಮೇಲೆ ಅಂತ ಇಷ್ಟು ವರ್ಷ ನಿರ್ಧರಿಸಿದವರು ಯಾರು?

ಮೊದಲು ನಿರ್ಧರಿಸಿದವರು ಪಾದ್ರಿಗಳು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಅಚ್ಚುಕೂಟ ಹಾಕಿದರು, 1843ರಲ್ಲಿ 'ಮಂಗಳೂರ ಸಮಾಚಾರ' ಶುರುಮಾಡಿದರು. ಯುರೋಪಿನ ಉದ್ದನೆಯ ಗದ್ಯ ಕಥೆಗಳ ಪೈಕಿ ಅವರು ಮುಂಚಿತವಾಗಿ ಆರಿಸಿಕೊಂಡದ್ದು ಜಾನ್ ಬನ್ಯನ್ 1678ರಲ್ಲಿ ಬರೆದ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್'. ಕನ್ನಡದಲ್ಲಿ ಅದು 'ಯಾತ್ರಿಕನ ಸಂಚಾರ' ಆಯಿತು. ಬೆನ್ನ ಮೇಲೆ ಪಾಪದ ಹೊರೆ ಹೊತ್ತವನೊಬ್ಬ ಮೋಕ್ಷದ ಪಟ್ಟಣಕ್ಕೆ ನಡೆದುಹೋಗುವ ಕಥೆ. ಅವರ ಉದ್ದೇಶ ಕಥೆ ಕೊಡುವುದಲ್ಲ, ಆತ್ಮ ಉಳಿಸುವುದು. ಆದರೂ ಒಬ್ಬ ಸಾಮಾನ್ಯ ಮನುಷ್ಯನ ಹಿಂದೆ ನೂರಾರು ಪುಟ ನಡೆಯುವ ಅಭ್ಯಾಸ ಕನ್ನಡ ಗದ್ಯಕ್ಕೆ ಹಾಗೊಂದು ದಾರಿಯಿಂದ ಬಂತು.

ಎರಡನೆಯ ಬಾಗಿಲು ತೆರೆದದ್ದು ವಿಚಿತ್ರವಾಗಿ ಕಲ್ಕತ್ತೆಯ ಕಡೆಯಿಂದ. ಕೊಳ್ಳೇಗಾಲದಲ್ಲಿ 1845ರಲ್ಲಿ ಹುಟ್ಟಿದ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು, ಬಂಕಿಮಚಂದ್ರರನ್ನು ಕನ್ನಡಕ್ಕೆ ಹೊತ್ತು ತಂದರು. 'ದುರ್ಗೇಶನಂದಿನಿ' ಕನ್ನಡದಲ್ಲಿ ಬಂದದ್ದು 1885ರಲ್ಲಿ. ಇದರಲ್ಲಿ ಯುರೋಪು ಎಲ್ಲಿ ಬಂತು ಅಂತೀರಾ? ಕೋಟೆ, ಕುದುರೆ, ಸೆರೆಸಿಕ್ಕ ರಾಜಕುಮಾರ, ಎರಡು ಮತಗಳ ಇಬ್ಬರು ಹೆಣ್ಣುಮಕ್ಕಳು, ಒಬ್ಬನೇ ವೀರ. ಈ ಚೌಕಟ್ಟನ್ನು ವಾಲ್ಟರ್ ಸ್ಕಾಟನ 'ಐವನ್‌ಹೋ'ದಲ್ಲಿ ಕಂಡಿದ್ದ ವಿಮರ್ಶಕರು ಆಗಲೇ ಗುಸುಗುಸು ಮಾಡಿದ್ದರು. ಬಂಕಿಮರು ತಾವು ಅದನ್ನು ಬರೆಯುವ ಮುಂಚೆ 'ಐವನ್‌ಹೋ' ಓದಿರಲಿಲ್ಲ ಅಂದರು. ಅದು ಇರಲಿ. ಇಂಗ್ಲಿಷ್ ಕಾದಂಬರಿ ಓದಿ ಬೆಳೆದ ಬಂಗಾಳದ ಕೈಯಿಂದ ಕನ್ನಡದ ಓದುಗ ಕಾದಂಬರಿಯನ್ನು ಪಡೆದ ಅನ್ನುವುದಂತೂ ನಿಜ. ಧಾರವಾಡದ ಕಡೆಗೆ ಇದೇ ಕೆಲಸ ಮರಾಠಿಯಿಂದ ಆಯಿತು. ಗಳಗನಾಥರು ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಪುಸ್ತಕದ ಗಂಟನ್ನು ತಲೆ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು ಅಂತ ಇವತ್ತಿಗೂ ಹೇಳುತ್ತಾರೆ.

ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಕನ್ನಡದಲ್ಲಿ 'ದುರ್ಗೇಶನಂದಿನಿ' ಬಂದ 1885ರಲ್ಲೇ ಫ್ರಾನ್ಸಿನಲ್ಲಿ ಎಮಿಲಿ ಜೋಲಾನ 'ಜರ್ಮಿನಾಲ್' ಬಂತು, ಗಣಿ ಕಾರ್ಮಿಕರ ಮುಷ್ಕರದ ಕಥೆ. ಗುಲ್ವಾಡಿ ವೆಂಕಟರಾಯರು ಮಂಗಳೂರಿನಲ್ಲಿ 'ಇಂದಿರಾಬಾಯಿ' ತಂದ 1899ರಲ್ಲೇ ರಷ್ಯಾದಲ್ಲಿ ಟಾಲ್‌ಸ್ಟಾಯ್ 'ಪುನರುತ್ಥಾನ' ಪ್ರಕಟಿಸುತ್ತಿದ್ದ. ಒಂದರಲ್ಲಿ ವಿಧವೆಯ ಮರುಮದುವೆ, ಇನ್ನೊಂದರಲ್ಲಿ ಕೆಟ್ಟುಹೋದವಳು ಅನ್ನಿಸಿಕೊಂಡ ಹೆಣ್ಣಿನ ನ್ಯಾಯ. ಇಬ್ಬರಿಗೂ ಒಬ್ಬರಿಗೊಬ್ಬರ ಗಾಳಿಗಂಧ ಇರಲಿಲ್ಲ. ಕನ್ನಡದ ಓದುಗರಿಗೆ ಯುರೋಪು ಇಂಥ ಹೊತ್ತಿನಲ್ಲಿ ಏನು ಬರೆಯುತ್ತಿದೆ ಅಂತ ತಿಳಿಯುತ್ತಿರಲಿಲ್ಲ. ನಡುವೆ ನಿಂತವರು ಬಾಗಿಲು ಎಷ್ಟು ತೆರೆದರೋ ಅಷ್ಟು.

ಮೂರನೆಯವರ ಊರು ನಮ್ಮ ತೆಂಗಿನ ಸೀಮೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆ. ಬಿ.ಎಂ. ಶ್ರೀಕಂಠಯ್ಯನವರು ಅಲ್ಲಿ ಹುಟ್ಟಿದ್ದು 1884ರ ಜನವರಿಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದ ಇವರು 1911ರಲ್ಲಿ ಧಾರವಾಡಕ್ಕೆ ಹೋಗಿ 'ಕನ್ನಡ ಮಾತು ತಲೆ ಎತ್ತುವ ಬಗೆ' ಅನ್ನುವ ಭಾಷಣ ಮಾಡಿದರು. ತಲೆ ಎತ್ತಬೇಕಾದರೆ ಹೊರಗಿನದನ್ನು ಒಳಕ್ಕೆ ಕರೆಯಬೇಕು ಅನ್ನುವುದು ಅವರ ನಂಬಿಕೆ. ಕರೆದರು ಕೂಡ. 'ಇಂಗ್ಲಿಷ್ ಗೀತಗಳು' ಕನ್ನಡ ಕವಿತೆಯ ನಡಿಗೆಯನ್ನೇ ಬದಲಿಸಿತು. ಗ್ರೀಕ್ ನಾಟಕಕಾರ ಸೋಫೊಕ್ಲಿಸನ 'ಅಜಾಕ್ಸ್' ಅವರ ಕೈಯಲ್ಲಿ 'ಅಶ್ವತ್ಥಾಮನ್' ಆಯಿತು, ಈಸ್ಕಿಲಸನ ನಾಟಕ 'ಪಾರಸಿಕರು' ಆಯಿತು.

ಆದರೆ ಗಮನಿಸಿ, ಈ ಪಟ್ಟಿಯಲ್ಲಿ ಒಂದೂ ಕಾದಂಬರಿ ಇಲ್ಲ. ಇಂಗ್ಲಿಷ್ ಕಾದಂಬರಿಗಳನ್ನು ಅರೆದು ಕುಡಿದಿರಬೇಕಾದ ಮೇಷ್ಟ್ರು ಕನ್ನಡಕ್ಕೆ ಅಂತ ಆರಿಸಿಕೊಂಡದ್ದು ಭಾವಗೀತೆ ಮತ್ತು ರುದ್ರನಾಟಕ. ನಮ್ಮಲ್ಲಿ ಏನು ಕೊರತೆ ಇದೆ ಅಂತ ಅವರಿಗೆ ಕಂಡಿತೋ ಅದನ್ನು ತುಂಬಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ಇನ್ನೊಬ್ಬ ಶ್ರೀಕಂಠಯ್ಯ, ತೀ.ನಂ.ಶ್ರೀ., ಕಾವ್ಯಮೀಮಾಂಸೆಯ ಕಡೆ ಹೋದರು. ಒಂದೇ ಸೀಮೆಯ ಇಬ್ಬರು ದೊಡ್ಡ ವಿದ್ವಾಂಸರು, ಇಬ್ಬರ ಆಯ್ಕೆಯಲ್ಲೂ ನಮ್ಮಮ್ಮನಂಥವಳು ಮಧ್ಯಾಹ್ನ ಊಟ ಆದ ಮೇಲೆ ಹಿಡಿದು ಕೂರುವ ಪುಸ್ತಕ ಇರಲಿಲ್ಲ. ಇದು ದೂರಲ್ಲ. ಒಬ್ಬರು ಎಲ್ಲವನ್ನೂ ಮಾಡಲಾಗುವುದಿಲ್ಲ. ಸಂಪಿಗೆಗೆ ಹೋದಾಗಲೆಲ್ಲ ಇದು ನೆನಪಿಗೆ ಬರುತ್ತದೆ, ಅಷ್ಟೆ.

ಕಾದಂಬರಿ ಆ ಕಾಲೇಜಿನ ಇನ್ನೊಂದು ತಲೆಮಾರಿನಿಂದ ಬಂತು. ಇಂಗ್ಲಿಷಿನವರಿಗೇ ರಷ್ಯನ್ ಕಾದಂಬರಿಗಳು ಸರಿಯಾಗಿ ಸಿಕ್ಕಿದ್ದು ಕಾನ್‌ಸ್ಟನ್ಸ್ ಗಾರ್ನೆಟ್ ಅನ್ನುವ ಹೆಣ್ಣುಮಗಳು ಮತ್ತು ಮಾಡ್ ದಂಪತಿಗಳ ಅನುವಾದದಿಂದ, 20ನೇ ಶತಮಾನದ ಶುರುವಿನಲ್ಲಿ. ಆ ಪುಸ್ತಕಗಳು ಹಡಗು ಹತ್ತಿ ಮೈಸೂರಿನಂಥ ಊರುಗಳ ಲೈಬ್ರರಿಗೂ ಬಂದವು. ಅದೇ ಹೊತ್ತಿಗೆ ಗಾಂಧೀಜಿಯಿಂದಾಗಿ ಟಾಲ್‌ಸ್ಟಾಯ್ ನಮ್ಮವನೇ ಅನ್ನಿಸಿಬಿಟ್ಟಿದ್ದ. ದಕ್ಷಿಣ ಆಫ್ರಿಕಾದಲ್ಲಿ 1910ರಲ್ಲಿ ಗಾಂಧಿ ತಮ್ಮ ಆಶ್ರಮಕ್ಕೆ ಇಟ್ಟ ಹೆಸರೇ ಟಾಲ್‌ಸ್ಟಾಯ್ ಫಾರ್ಮ್. 1936ರ 'ಕಾನೂರು ಹೆಗ್ಗಡಿತಿ', 1967ರ 'ಮಲೆಗಳಲ್ಲಿ ಮದುಮಗಳು' ಓದಿದ ವಿಮರ್ಶಕರು ಕುವೆಂಪು ಅವರ ಆ ಅಗಲದ ಹಿಂದೆ ಟಾಲ್‌ಸ್ಟಾಯ್ ಓದು ಇದೆ ಅಂತ ಹೇಳುತ್ತಲೇ ಬಂದಿದ್ದಾರೆ. ಕುವೆಂಪು ಅವರ ಶಿಷ್ಯ ದೇ. ಜವರೇಗೌಡರು ಒಂದು ಹೆಜ್ಜೆ ಮುಂದೆ ಹೋಗಿ ಅಂಥ ದಪ್ಪ ಪುಸ್ತಕಗಳನ್ನೇ ಕನ್ನಡಕ್ಕೆ ಇಳಿಸಿದರು: 'ಪುನರುತ್ಥಾನ', 'ಅನ್ನಾ ಕರೆನಿನ'. ಜೇನ್ ಆಸ್ಟಿನ್ನಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಅವರ ಕೈಯಲ್ಲಿ 'ಹಮ್ಮು ಬಿಮ್ಮು' ಆಯಿತು.

ಈ ಹೆಸರಿನ ಬಗ್ಗೆ ಹೇಳಲೇಬೇಕು. ಆ ಪುಸ್ತಕ ತಂದುಕೊಟ್ಟಾಗ ಅಮ್ಮ ರಟ್ಟು ನೋಡಿಯೇ ನಕ್ಕಿದ್ದಳು. "ಹಮ್ಮು ಬಿಮ್ಮು ಅಂದ್ರೆ ನಮ್ಮ ದೊಡ್ಡಪ್ಪನ ಮನೆ ಕಥೆ ಇರಬೇಕು." ನಾಲ್ಕು ದಿನ ಬಿಟ್ಟು ಅವಳು ನಗುತ್ತಿರಲಿಲ್ಲ. ಆ ಕಥೆಯಲ್ಲಿ ಐದು ಹೆಣ್ಣುಮಕ್ಕಳ ಅಪ್ಪ, ಗಂಡು ಸಂತಾನ ಇಲ್ಲ, ಅವನು ಸತ್ತರೆ ಮನೆ ಜಮೀನು ದೂರದ ಸೋದರಸಂಬಂಧಿಗೆ ಹೋಗುತ್ತದೆ. ನನ್ನ ತಾತನಿಗೆ ನಾಲ್ಕು ಹೆಣ್ಣು. ಕೂಡುಕುಟುಂಬದಲ್ಲಿದ್ದಾಗಲೇ ತೀರಿಕೊಂಡರು, ತೋಟ ದಾಯಾದಿಗಳ ಪಾಲಾಯಿತು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ ದೇಶದ ಕಾನೂನು 2005ರಲ್ಲಿ ಬಂದಾಗ ಅಮ್ಮನ ಅಕ್ಕಂದಿರಿಬ್ಬರು ಬದುಕಿರಲಿಲ್ಲ. "ಇವಳಿಗೆ ಹೆಂಗೆ ಗೊತ್ತಾಯ್ತು ಇದೆಲ್ಲ?" ಅಂದಳು. ಇವಳು ಅಂದರೆ 1813ರಲ್ಲಿ ಇಂಗ್ಲೆಂಡಿನಲ್ಲಿ ಕೂತು ಬರೆದ ಜೇನ್ ಆಸ್ಟಿನ್. ಪ್ರೀತಿ, ಮದುವೆಯ ಕಥೆ ಅಂತ ನಾನು ಕೊಟ್ಟದ್ದನ್ನು ಅಮ್ಮ ಜಮೀನಿನ ಕಥೆಯಾಗಿ ಓದಿದ್ದಳು.

ನಾಲ್ಕನೆಯ ಬಾಗಿಲು ಮಾಸ್ಕೋದ್ದು. ನಿರಂಜನರು ಗಾರ್ಕಿಯ 'ತಾಯಿ'ಯನ್ನು ಕನ್ನಡಕ್ಕೆ ತಂದರು. ಪ್ರಗತಿಶೀಲ ಲೇಖಕರಿಗೆ ಯುರೋಪಿನಲ್ಲಿ ಬೇಕಾದದ್ದು ಕೋಟೆ ಕುದುರೆಯಲ್ಲ, ಕಾರ್ಖಾನೆ ಮತ್ತು ಮುಷ್ಕರ. 1960ರಲ್ಲಿ ಶುರುವಾದ ನವಕರ್ನಾಟಕ ಪ್ರಕಾಶನದ ಮೂಲಕ ಸೋವಿಯತ್ ಪುಸ್ತಕಗಳೂ ಬರುತ್ತಿದ್ದವು. ಗಟ್ಟಿ ರಟ್ಟು, ಒಳ್ಳೆ ಕಾಗದ, ಬೆಲೆ ಮಾತ್ರ ನಂಬಲಾಗದಷ್ಟು ಕಡಿಮೆ. ಸೋವಿಯತ್ ದೇಶದ ಬಣ್ಣದ ಪತ್ರಿಕೆಯ ಹಾಳೆ ನಮ್ಮ ನೋಟ್‌ಬುಕ್ಕಿಗೆ ಬೈಂಡು. ನಾನು ಚಿಕ್ಕವನಿದ್ದಾಗ ದಾಸ್ತೊಯೆವ್‌ಸ್ಕಿ ಎಂಬ ಹೆಸರು ನೋಡಿದ್ದು ಗಣಿತದ ನೋಟಿನ ಬೈಂಡಿನ ಮೇಲೆ. ಆ ಸರ್ಕಾರ ತನಗೆ ಇಷ್ಟವಾದದ್ದನ್ನು ಕಡಿಮೆ ಬೆಲೆಗೆ ಕೊಟ್ಟಿತು, ಇಷ್ಟವಾಗದ್ದನ್ನು ಕೊಡಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾದಾಗ ಆ ಅಂಗಡಿಯೂ ಮುಚ್ಚಿತು. ಅದಾದ ಮೇಲೆ ದೊಡ್ಡ ಕೆಲಸ ಮಾಡಿದವರಲ್ಲಿ ಓ.ಎಲ್. ನಾಗಭೂಷಣಸ್ವಾಮಿಯವರ ಹೆಸರು ಹೇಳಬೇಕು. ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ', ದಾಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' ಎರಡನ್ನೂ ಅವರು ಕನ್ನಡದಲ್ಲಿ ಓದುವ ಹಾಗೆ ಮಾಡಿದರು.

ಹೀಗೆ ಪಾದ್ರಿ ಆತ್ಮಕ್ಕೆ ಬೇಕಾದ್ದು ಆರಿಸಿದ, ವೆಂಕಟಾಚಾರ್ಯರು ಓದುವ ಹುಚ್ಚು ಹಿಡಿಸುವುದನ್ನು ಆರಿಸಿದರು, ಸಂಪಿಗೆಯ ಮೇಷ್ಟ್ರು ಭಾಷೆಗೆ ಬೇಕಾದ್ದು ಆರಿಸಿದರು, ಮಾಸ್ಕೋ ಕ್ರಾಂತಿಗೆ ಬೇಕಾದ್ದು ಆರಿಸಿತು. ಅವರೆಲ್ಲರ ಋಣ ನಮ್ಮ ಮೇಲಿದೆ. ಆದರೆ ಕನ್ನಡ ಒಂದೇ ಬಲ್ಲ ಓದುಗಳನ್ನು "ನಿನಗೇನು ಬೇಕು?" ಅಂತ ಕೇಳಿ ಆರಿಸಿದ್ದು ಕಡಿಮೆ. ಕೇಳುವುದಾದರೂ ಹೇಗೆ? ಏನೇನಿದೆ ಅಂತಲೇ ಅವಳಿಗೆ ಗೊತ್ತಿಲ್ಲ, ಅಮ್ಮ ಅಂದ ಹಾಗೆ.

ನಾನು ಪಟ್ಟಿ ಹರಿದುಹಾಕಿದೆ. ಬೇರೆ ಥರ ಯೋಚಿಸಿದೆ. ಅಮ್ಮನಿಗೆ ಏನು ಗೊತ್ತು? ಕೊಬ್ಬರಿ ಗೊತ್ತು. ನಮ್ಮ ಕಡೆ ಉಂಡೆ ಕೊಬ್ಬರಿ ಹೇಗಾಗುತ್ತದೆ ಅಂತ ಹೊರಗಿನವರಿಗೆ ಹೇಳುತ್ತೇನೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಬತ್ತಿ, ಅಲುಗಿಸಿದರೆ ಲೊಡಲೊಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಮೂಟೆ ಕಟ್ಟಿ ತಿಪಟೂರಿನ ಮಾರುಕಟ್ಟೆಗೆ. ಅಷ್ಟರಲ್ಲಿ ರೇಟು ಎಲ್ಲಿರುತ್ತದೋ ಯಾರಿಗೂ ಗೊತ್ತಿಲ್ಲ. ಇವತ್ತು ಬಿಡೋದಾ, ಇನ್ನೊಂದು ತಿಂಗಳು ಇಡೋದಾ? ಮದುವೆ, ಸಾಲ, ಫೀಸು ಎಲ್ಲ ಈ ಪ್ರಶ್ನೆಯ ಮೇಲೆ ನಿಂತಿರುತ್ತವೆ. ಅಪ್ಪ ಇರುವವರೆಗೆ ಅಟ್ಟದ ಬೀಗದ ಕೈ ಅವರ ಉಡಿದಾರದಲ್ಲಿತ್ತು.

ಇದನ್ನೇ ಯೋಚಿಸುತ್ತಿದ್ದಾಗ ಬಾಲ್ಜಾಕ್ ನೆನಪಾದ. 1833ರ 'ಯೂಜೆನಿ ಗ್ರಾಂದೆ'. ಫ್ರಾನ್ಸಿನ ಸೋಮ್ಯೂರ್ ಅನ್ನುವ ಸಣ್ಣ ಊರು, ಸುತ್ತ ದ್ರಾಕ್ಷಿ ತೋಟ. ಹಳೇ ಪೀಪಾಯಿ ಮಾಡುವವನಾಗಿದ್ದ ಗ್ರಾಂದೆ ಈಗ ಊರಿಗೇ ಶ್ರೀಮಂತ, ಕಡು ಜಿಪುಣ. ಬೆಳೆಗಾರರೆಲ್ಲ ರೇಟು ಏರುವವರೆಗೆ ಯಾರೂ ವೈನು ಮಾರಬಾರದು ಅಂತ ಮಾತಾಡಿಕೊಂಡಿರುತ್ತಾರೆ. ಗ್ರಾಂದೆ ಹೂಂ ಅಂದವನು ಒಳಗೊಳಗೇ ಹೊರದೇಶದ ವ್ಯಾಪಾರಿಗಳಿಗೆ ಮಾರಿಬಿಡುತ್ತಾನೆ. ನನ್ನ ಹತ್ತಿರ ಇದ್ದದ್ದು ಇಂಗ್ಲಿಷ್ ಪ್ರತಿ. ಹಾಗಾಗಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ, ಇಂಗ್ಲಿಷ್ ನೋಡಿಕೊಂಡು ನಮ್ಮ ಮಾತಿನಲ್ಲಿ ಹೇಳುತ್ತಾ ಹೋದೆ. ಇಪ್ಪತ್ತು ಸಂಜೆ ಹಿಡಿಯಿತು.

ಎರಡನೇ ದಿನಕ್ಕೆ ಅವನು 'ಗ್ರಾಂದಪ್ಪ' ಆಗಿದ್ದ. ಗ್ರಾಂದೆ ದಿನಾ ಬೆಳಿಗ್ಗೆ ಉಗ್ರಾಣದ ಬೀಗ ತೆಗೆದು ಆ ದಿನದ ಬ್ರೆಡ್ಡು, ಮೇಣದಬತ್ತಿ, ಸಕ್ಕರೆ ಎಣಿಸಿ ಕೊಡುವುದನ್ನು ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಅಪ್ಪನೂ ಎಣ್ಣೆ ಅಳೆದು ಕೊಡುತ್ತಿದ್ದರು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಮಗಳು ಯೂಜೆನಿ ತನ್ನ ಬಂಗಾರದ ನಾಣ್ಯಗಳನ್ನೆಲ್ಲ ದಿವಾಳಿಯಾದ ಸೋದರಸಂಬಂಧಿ ಶಾರ್ಲ್‌ಗೆ ಕೊಟ್ಟಾಗ ಮಾತ್ರ "ಅಯ್ಯೋ ಹುಚ್ಚಿ" ಅಂದಳು.

ಆಮೇಲೆ ನಾನು ಒಂದು ತಪ್ಪು ಮಾಡಿದೆ. ಶಾರ್ಲ್ ಹಡಗು ಹತ್ತಿ ದೂರದೇಶಕ್ಕೆ ಹೋಗಿ ದುಡ್ಡು ಮಾಡಿಕೊಂಡು ಬರುತ್ತಾನೆ. ಬಾಲ್ಜಾಕ್ ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾನೆ, ಅವನು ಮನುಷ್ಯರನ್ನು ಮಾರಿ ದುಡ್ಡು ಮಾಡಿದ, ಗುಲಾಮರ ವ್ಯಾಪಾರ ಅಂತ. ನಾನು ಅದನ್ನು ಹಾರಿಸಿದೆ. ಹೊತ್ತಾಗಿತ್ತು, ಅಮ್ಮನಿಗೆ ಯಾಕೆ ಆ ಗೋಳು ಅನ್ನಿಸಿತು. "ವ್ಯಾಪಾರ ಮಾಡಿ ಸಾಹುಕಾರನಾದ" ಅಂತ ಮುಂದೆ ಹೋದೆ.

ಮಾರನೇ ದಿನ ಮಧ್ಯಾಹ್ನ, ಕಾಯಿ ಸುಲಿಯುವವರಿಗೆ ಕಾಫಿ ಕೊಟ್ಟು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು: "ಆ ಹುಡುಗ ಅಷ್ಟು ಬೇಗ ಅಷ್ಟು ದುಡ್ಡು ಹೆಂಗೆ ಮಾಡ್ದ? ಬರಿಗೈಲಿ ಹೋದೋನು. ಏನು ವ್ಯಾಪಾರ?"

ನನಗೆ ನಾಚಿಕೆಯಾಯಿತು. ಪುಸ್ತಕ ತಂದು ಆ ಪುಟ ತೆಗೆದು ಹಾರಿಸಿದ್ದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಅದನ್ನ ಬಿಟ್ರೆ ಕಥೇಲಿ ಏನಿದೆ? ಅವಳ ಚಿನ್ನ ತಗೊಂಡು ಹೋಗಿ ಅವನು ಮಾಡಿದ್ದು ಇದು ಅಂತ ಗೊತ್ತಾಗಬೇಡ್ವಾ?" ಅಂದಳು. ಅಂದು ಒಳಗೆ ಹೋದಳು.

ಇಡೀ ರಾತ್ರಿ ನನಗೆ ಅದೇ ಕೊರೆಯಿತು. ನೂರೈವತ್ತು ವರ್ಷದ ಇತಿಹಾಸ ತೆಗೆದು, ಅವರು ತಮಗೆ ಬೇಕಾದ್ದು ಆರಿಸಿದರು, ಇವರು ಇದನ್ನು ಬಿಟ್ಟರು ಅಂತ ಲೆಕ್ಕ ಹಾಕುತ್ತಿದ್ದವನು, ನಡುವೆ ನಿಲ್ಲುವ ಅವಕಾಶ ನನಗೇ ಸಿಕ್ಕಿದ ಹನ್ನೆರಡನೇ ದಿನಕ್ಕೆ ಅದನ್ನೇ ಮಾಡಿದ್ದೆ. ಪ್ರೀತಿಯಿಂದಲೇ ಮಾಡಿದೆ. ಬಹುಶಃ ಅವರೂ ಪ್ರೀತಿಯಿಂದಲೇ ಮಾಡಿದರು. ಆದರೆ ಪುಸ್ತಕ ಆರಿಸಿಕೊಡುವವನು ಅದರೊಳಗಿನದನ್ನೂ ಆರಿಸಿ ಕೊಡಲು ಹೊರಟರೆ, ಅಟ್ಟದ ಬೀಗದ ಕೈ ಉಡಿದಾರದಲ್ಲಿ ಇಟ್ಟುಕೊಂಡ ಹಾಗೇ.

ಕಥೆಯ ಕೊನೆಯಲ್ಲಿ ಗ್ರಾಂದಪ್ಪ ಸಾಯುತ್ತಾನೆ, ತಾಯಿ ಮೊದಲೇ ಸತ್ತಿರುತ್ತಾಳೆ, ಶಾರ್ಲ್ ಬೇರೆ ಮದುವೆ ನೋಡಿಕೊಳ್ಳುತ್ತಾನೆ. ಯೂಜೆನಿ ಕೋಟಿಗಟ್ಟಲೆ ಆಸ್ತಿಗೆ ಒಡತಿಯಾಗುತ್ತಾಳೆ. ಆದರೂ ಅದೇ ತಣ್ಣನೆ ಮನೆಯಲ್ಲಿದ್ದುಕೊಂಡು, ಅಪ್ಪ ಯಾವ ದಿನಗಳಲ್ಲಿ ಒಲೆ ಹೊತ್ತಿಸಲು ಬಿಡುತ್ತಿದ್ದನೋ ಆ ದಿನಗಳಲ್ಲಿ ಮಾತ್ರ ಚಳಿಗೆ ಬೆಂಕಿ ಹಾಕಿಸುತ್ತಾಳೆ. ಇದನ್ನು ಹೇಳಿ ಪುಸ್ತಕ ಮುಚ್ಚಿದೆ. ಅಮ್ಮ ಬಹಳ ಹೊತ್ತು ಕೂತಿದ್ದಳು. ಅಡಿಗೆಮನೆಯಲ್ಲಿ ಅವಳು ಈಗಲೂ ಎಣ್ಣೆಯನ್ನು ಅಪ್ಪನ ಅಳತೆಯ ಲೋಟದಲ್ಲೇ ಅಳೆದು ಹಾಕುತ್ತಾಳೆ. ನಾನು ಅದನ್ನು ಎತ್ತಲಿಲ್ಲ.

ಈಗ ಯಾರಾದರೂ ವಿದ್ಯಾರ್ಥಿಗಳು ಬಂದು ಸಾರ್, ಯುರೋಪಿನ ಕ್ಲಾಸಿಕ್ ಯಾವುದು ಓದಲಿ ಅಂತ ಕೇಳಿದರೆ ಪಟ್ಟಿ ಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ಏನು ಕೆಲಸ, ಯಾವುದರ ಬಗ್ಗೆ ರಾತ್ರಿ ಜಗಳ ಆಗುತ್ತೆ ಅಂತ ಕೇಳುತ್ತೇನೆ. ಜಮೀನಿನ ಜಗಳ ಅಂದರೆ 'ಹಮ್ಮು ಬಿಮ್ಮು'. ಉಳುವವನ ಜೊತೆ ತಾನೂ ಹೊಲಕ್ಕಿಳಿಯಬೇಕು ಅನ್ನುವ ಓದಿದ ಮಗ ಮನೆಯಲ್ಲಿದ್ದರೆ 'ಅನ್ನಾ ಕರೆನಿನ', ಅದರಲ್ಲಿ ಲೆವಿನ್ ಹುಲ್ಲು ಕುಯ್ಯುವ ಭಾಗ ಬರುವವರೆಗಾದರೂ ಓದಿ ಅನ್ನುತ್ತೇನೆ. ಮಂಡಿ ವ್ಯಾಪಾರದವರ ಮಗ ಬಂದರೆ, ಇಂಗ್ಲಿಷ್ ಬಂದರೆ, ಹಾರ್ಡಿಯ 'ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್'. 1886ರ ಪುಸ್ತಕ. ಅದರಲ್ಲಿ ಹೆಂಚರ್ಡ್ ಅನ್ನುವ ಧಾನ್ಯದ ವ್ಯಾಪಾರಿ ಮಳೆ ಬಗ್ಗೆ ಶಾಸ್ತ್ರ ಕೇಳಿ, ಬೆಳೆ ಹಾಳಾಗುತ್ತೆ ಅಂತ ನಂಬಿ ಧಾನ್ಯ ಕೊಂಡು ಹಾಕಿ ಮುಳುಗುತ್ತಾನೆ. ಇಂಗ್ಲಿಷ್ ಬಾರದವರು ಮನೆಯಲ್ಲಿದ್ದರೆ ಸಂಜೆ ಕೂತು ಹೇಳಿ, ಅಂತಲೂ ಸೇರಿಸುತ್ತೇನೆ. ಒಂದೇ ಷರತ್ತು, ಹಾರಿಸಬೇಡಿ.

ಅಮ್ಮನಿಗೆ ಲೆಕ್ಕದ ಪ್ರಕಾರ ಇನ್ನು ಒಂಬತ್ತು ಉಳಿದಿವೆ. ಮೊನ್ನೆ ಅವಳೇ ಶುರುಮಾಡಿದಳು.

"ಗ್ರಾಂದಪ್ಪನ ಮನೇಲಿ ಕೆಲಸಕ್ಕಿದ್ಲಲ್ಲ, ನ್ಯಾನನ್ನು, ಅವಳ ಥರದೋರ ಕಥೇನೇ ಯಾರೂ ಬರೆದಿಲ್ವಾ? ಬರೀ ಯಜಮಾನ್ರುದೇ?"

ಬರೆದಿದ್ದಾರೆ ಅಂದೆ. ಫ್ಲಾಬೇರ್ 1877ರಲ್ಲಿ ಒಂದು ಬರೆದಿದ್ದಾನೆ, ಅರ್ಧ ಶತಮಾನ ಒಂದೇ ಮನೆಯಲ್ಲಿ ದುಡಿದ ಫೆಲಿಸಿತೆ ಅನ್ನುವ ಕೆಲಸದವಳ ಕಥೆ. ಚಿಕ್ಕದು, ನಾಲ್ಕೈದು ಸಂಜೆಗೆ ಆಗುತ್ತೆ.

"ಅದನ್ನ ಲೆಕ್ಕಕ್ಕೆ ಹಿಡೀಬೇಡ, ಚಿಕ್ಕದಲ್ವಾ" ಅಂದಳು. ಕನ್ನಡಕ ಒರೆಸಿಕೊಂಡು ಜಗಲಿಗೆ ಬಂದು ಕೂತಳು.